ಹೊಳೆ ಹುಟ್ಟುವ ಕಡೆಗೆ ಒಂದು ಬ್ಯಾಗು

ನಮ್ಮ ಯಜಮಾನರಿಗೆ ಬೇಡ ಅನ್ನುವ ಮಾತು ಬಾಯಲ್ಲಿ ಹೊರಡುವುದಿಲ್ಲ. ಬೇಡ ಅನ್ನಬೇಕಾದ ಕಡೆಯೆಲ್ಲ ‘ನೋಡೋಣ’ ಅನ್ನುತ್ತಾರೆ. ಇದು ವಂಶದಲ್ಲೇ ಬಂದದ್ದು. ನಮ್ಮ ಮಾವನವರು ಹಿತ್ತಿಲಲ್ಲಿ ಬಾವಿ ತೆಗೆಸುವ ಬಗ್ಗೆ ನೋಡೋಣ ಅಂದದ್ದು ನಾನು ಮದುವೆಯಾಗಿ ಬಂದ ಹೊಸತರಲ್ಲಿ. ಮಾವನವರು ಹೋದರು, ಬಾವಿಯ ಜಾಗದಲ್ಲಿ ನುಗ್ಗೆ ಮರ ಬೆಳೆದು ವರ್ಷವರ್ಷವೂ ಕಾಯಿ ಬಿಡುತ್ತಿದೆ, ನೋಡುವುದು ಮಾತ್ರ ಇನ್ನೂ ಮುಗಿದಿಲ್ಲ.

ಇಷ್ಟು ಗೊತ್ತಿದ್ದೂ ನಾನು ಮೋಸಹೋದೆ. ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬಾಡೂಟ ಮುಗಿಸಿ ಯಜಮಾನರು ದಿವಾನದ ಮೇಲೆ ಕಾಲು ಚಾಚಿ ಇಡೀ ಪ್ರಪಂಚದ ಮೇಲೆ ಪ್ರಸನ್ನರಾಗಿದ್ದರು. ಆ ಹೊತ್ತು ನೋಡಿಕೊಂಡು, ದಸರಾ ರಜೆಯಲ್ಲಿ ನಾನೊಬ್ಬಳೇ ಮೋಟಾರ್‌ಸೈಕಲ್ಲಿನಲ್ಲಿ ಕನಕಪುರದ ಕಡೆಯ ಸಂಗಮದಿಂದ ತಲಕಾವೇರಿಯ ತನಕ ಹೋಗಿಬರುತ್ತೇನೆ ಅಂದೆ. ಅವರು ಹಲ್ಲಿಗೆ ಸಿಕ್ಕಿದ್ದನ್ನು ಕಡ್ಡಿಯಲ್ಲಿ ತೆಗೆದು, ಹೋಗು ಅದಕ್ಕೇನಂತೆ, ಮೊದಲು ಒಂದೊಳ್ಳೆ ಬ್ಯಾಗು ನೋಡೋಣ ಅಂದರು. ನನ್ನ ಕಿವಿಗೆ ‘ಹೋಗು’ ಮಾತ್ರ ಬಿತ್ತು.

ಏಕೆ ಹೋಗಬೇಕಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಪ್ರತಿ ವರ್ಷ ಬೋರ್ಡಿನ ಎಡಗಡೆ ಒಂದು ಚುಕ್ಕೆ ಇಟ್ಟು, ತಲಕಾವೇರಿ ಎಂದು ಬರೆದು, ಅಲ್ಲಿಂದ ನೀಲಿ ಚಾಕ್‌ಪೀಸಿನಲ್ಲಿ ಹೊಳೆಯನ್ನು ಬಲಕ್ಕೆ ಎಳೆದುಕೊಂಡು ಬರುತ್ತೇನೆ. ಕಣ್ಣು ಮುಚ್ಚಿ ಎಳೆದರೂ ತಪ್ಪುವುದಿಲ್ಲ. ಆದರೆ ಕಣ್ಣು ಬಿಟ್ಟು ನೋಡಿರುವುದು ಶ್ರೀರಂಗಪಟ್ಟಣದಲ್ಲಿ ಒಂದು ತುಂಡು, ಸಂಗಮದಲ್ಲಿ ಒಂದು ತುಂಡು. ಮಿಕ್ಕದ್ದೆಲ್ಲ ಪುಸ್ತಕದವರು ಹೇಳಿದ್ದನ್ನು ನಂಬಿ ಎಳೆದದ್ದು. ಐವತ್ತು ದಾಟಿದ ಮೇಲೆ ಇದು ಯಾಕೋ ನನ್ನನ್ನು ಕೊರೆಯತೊಡಗಿತು.

ಒಬ್ಬಳೇ ಏಕೆ ಎಂದು ಸ್ಟಾಫ್‌ ರೂಮಿನಲ್ಲಿ ಕೇಳಿದರು. ಸಂಸಾರದ ಜೊತೆ ಹೋದರೆ ಟೆಂಪೋ ಟ್ರಾವೆಲರಿನಲ್ಲಿ ಹೋಗಬೇಕು. ಟೆಂಪೋ ಟ್ರಾವೆಲರು ನಿಲ್ಲುವುದು ಎರಡೇ ಕಡೆ, ಒಂದು ದೇವಸ್ಥಾನ, ಇನ್ನೊಂದು ದೇವಸ್ಥಾನದ ಹಿಂದಿನ ಶೌಚಾಲಯ. ಊಟಕ್ಕೆ ನಿಲ್ಲಿಸಿದಾಗ ಎಲ್ಲರೂ ಹೊಳೆಯ ಕಡೆ ಮುಖ ಮಾಡಿ ಕೂರುತ್ತಾರೆ, ನಾನು ಅವರ ಕಡೆ ಮುಖ ಮಾಡಿ ಚಿತ್ರಾನ್ನ ಬಡಿಸುತ್ತೇನೆ. ಹೊಳೆ ಇರುವುದು ನನ್ನ ಬೆನ್ನ ಹಿಂದೆ. ಒಂದು ಸಲವಾದರೂ ಅದು ನನ್ನ ಮುಂದೆ ಇರಲಿ ಅನ್ನಿಸಿತ್ತು, ಅಷ್ಟೇ.

ಮೋಟಾರ್‌ಸೈಕಲ್ಲು ನನ್ನದಲ್ಲ, ಯಜಮಾನರದು. ಚನ್ನಪಟ್ಟಣದ ಹಳೇ ರಸ್ತೆಯಲ್ಲಿ ಅವರದೊಂದು ಬೊಂಬೆ ಅಂಗಡಿ. ಊರಿನ ಹೊರಗೆ ಬೈಪಾಸ್ ಆದಮೇಲೆ ಮೈಸೂರಿಗೆ ಹೋಗುವ ಕಾರುಗಳೆಲ್ಲ ಆಚೆಯಿಂದಲೇ ಹೊರಟುಹೋಗುತ್ತವೆ. ಅಂಗಡಿಯಲ್ಲಿ ಮರದ ಆನೆಗಳ ಎದುರು ಸುಮ್ಮನೆ ಕೂತು ಕೂತು, ಇವರಿಗೆ ಲೋಕಸಂಚಾರದ ಆಸೆ ಹುಟ್ಟಿತು. ಗಿರಾಕಿ ನಮ್ಮ ಹತ್ತಿರ ಬರದಿದ್ದರೆ ನಾವೇ ಹೊರಡೋಣ ಎಂದು ತಮಾಷೆ ಮಾಡುತ್ತ ಭಾರದ ಗಾಡಿಯೊಂದನ್ನು ಕೊಂಡರು. ಮಾತಿನಲ್ಲಿ ತಮಾಷೆ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ತಲಕಾವೇರಿ, ಆಗುಂಬೆ, ಗೋಕರ್ಣ ಅಂತೆಲ್ಲ ಫೋನಿನಲ್ಲಿ ದಾರಿ ನೋಡಿಟ್ಟುಕೊಂಡರು. ಗಾಡಿ ಬಂದ ಹೊಸತರಲ್ಲೇ ಕಣ್ವ ಡ್ಯಾಮಿನ ಕಡೆ ಒಂದು ಸುತ್ತು ಹೋಗಿಬರುವಾಗ ಹಳ್ಳಿಯವರು ತಾವೇ ಹಾಕಿಕೊಂಡಿದ್ದ, ಬಣ್ಣ ಬಳಿಯದ ಹಂಪ್ ಕಾಣಲಿಲ್ಲ. ಗಾಡಿಗೆ ಏನೂ ಆಗಲಿಲ್ಲ. ಇವರ ಬೆನ್ನಿನಲ್ಲಿ ಡಿಸ್ಕು ಜಾರಿತು. ಮುಂದೂ ಕೂರಬೇಡಿ, ಹಿಂದೂ ಕೂರಬೇಡಿ, ದ್ವಿಚಕ್ರ ವಾಹನದ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು.

ಗಾಡಿ ಹಳೇ ಬೆಡ್‌ಶೀಟು ಹೊದ್ದು ಪೋರ್ಟಿಕೋದಲ್ಲಿ ನಿಂತಿತು. ಮಾರಿಬಿಡೋಣವೇ ಅಂದರೆ, ನೋಡೋಣ. ನಾನು ವರ್ಷಗಟ್ಟಲೆ ಸ್ಕೂಲಿಗೆ ಸ್ಕೂಟರಿನಲ್ಲಿ ಓಡಾಡಿದವಳು. ಒಂದು ಭಾನುವಾರ ಬೆಡ್‌ಶೀಟು ಸರಿಸಿ, ಗೇರು ಹೇಳಿಕೊಡಿ ಅಂದೆ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಬಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ನನಗಿಂತ ಅವರೇ ಹೆಚ್ಚು ಖುಷಿಪಟ್ಟರು ಎಂದು ಆಗ ಅಂದುಕೊಂಡಿದ್ದೆ.

ಹೀಗಿರುವಾಗ ಬ್ಯಾಗು ನೋಡುವ ಕಾರ್ಯ ಆರಂಭವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇಲ್ಲಿ ಕುಲಾವಿ ಸರಿಹೊಂದದೆ ಕೂಸು ಹುಟ್ಟುವ ಹಾಗೇ ಇರಲಿಲ್ಲ.

ಅಂಗಡಿಯಲ್ಲಿ ಕೂತು ಯಜಮಾನರು ಫೋನಿನಲ್ಲಿ ಬ್ಯಾಗಿನ ವಿಡಿಯೋಗಳನ್ನು ನೋಡಿದರು. ಪಕ್ಕಕ್ಕೆ ನೇತಾಡುವ ಬ್ಯಾಗು, ಹಿಂದೆ ಕೂರುವ ಬ್ಯಾಗು, ಟ್ಯಾಂಕಿನ ಮೇಲೆ ಅಂಟುವ ಬ್ಯಾಗು, ಗಟ್ಟಿ ಪೆಟ್ಟಿಗೆ. ಲಡಾಖಿಗೆ ಹೋದವರು ಹೇಳಿದ್ದು, ಲಡಾಖಿಗೆ ಹೋಗದವರು ಅದಕ್ಕಿಂತ ಜೋರಾಗಿ ಹೇಳಿದ್ದು, ಎಲ್ಲವನ್ನೂ ಕೇಳಿದರು. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಮುರಿಯುವುದನ್ನು ಬಿಟ್ಟು, ಬ್ಯಾಗಿನ ಹೊಟ್ಟೆ ಎಷ್ಟು ಲೀಟರ್ ಇರಬೇಕು ಎಂಬ ಚರ್ಚೆ. ನಮ್ಮತ್ತೆ ಇದನ್ನೆಲ್ಲ ಕೇಳುತ್ತ ಕೂತಿದ್ದು, ಲೀಟರ್ ಯಾಕೆ, ಇವಳೇನು ಡೈರಿಗೆ ಹಾಲು ಹಾಕಕ್ಕೆ ಹೋಗ್ತಾಳಾ, ಎಷ್ಟು ಸೇರು ರಾಗಿ ಹಿಡೀತದೆ ಅದ ಹೇಳು ಅಂದರು. ತಾಯಿಯ ಮಾತು ಯಜಮಾನರಿಗೆ ಬಹಳ ಹಿಡಿಸಿತು. ಕಂಪನಿಯವರು ಸುಳ್ಳು ಹೇಳಬಹುದು, ರಾಗಿ ಹೇಳುವುದಿಲ್ಲ.

ಮೊದಲು ಬಂದದ್ದು ಎರಡು ಪಕ್ಕಕ್ಕೂ ನೇತಾಡುವ ಜೋಡಿ ಬ್ಯಾಗು. ನೀರು ತಾಗುವುದಿಲ್ಲವಂತೆ, ಬಾಯಿಯನ್ನು ಸುರುಳಿ ಸುತ್ತಿ ಮುಚ್ಚಬೇಕು. ಕೊರಿಯರಿನವನು ಗೇಟು ದಾಟುವ ಮುಂಚೆಯೇ ತಾಯಿ ಮಗ ಇಬ್ಬರೂ ಸೇರು, ಪಾವು ಹಿಡಿದು ಕೂತರು. ಅಳೆದೂ ಸುರಿದೂ ಅನ್ನುವ ಮಾತನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ, ಕಣ್ಣಾರೆ ಕಂಡದ್ದು ಆವತ್ತು. ಎಡದ ಬ್ಯಾಗಿಗೂ ಬಲದ ಬ್ಯಾಗಿಗೂ ಒಂದು ಹಿಡಿ ವ್ಯತ್ಯಾಸ ಬಂತು. ಯಜಮಾನರ ಮುಖ ಗಂಭೀರವಾಯಿತು. ಹೀಗೆ ಒಂದು ಕಡೆ ಹೆಚ್ಚಾದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ, ರಸ್ತೆಯಲ್ಲಿ ಪರೀಕ್ಷೆ ಮಾಡದೆ ಇಟ್ಟುಕೊಳ್ಳುವುದು ಬೇಡ, ವಾರದೊಳಗೆ ವಾಪಸ್ ಕಳಿಸಬಹುದು, ಖಾಲಿ ಬ್ಯಾಗು ಕಟ್ಟಿಕೊಂಡು ಸೋಲೂರಿಗೆ ಒಂದು ಸುತ್ತು ಹೋಗಿ ಬಾ ಅಂದರು. ಸೋಲೂರಿನಲ್ಲಿ ಅವರ ಅಕ್ಕನ ಮನೆ.

ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸ್ ಕಳಿಸಬಾರದು. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲಿಗೆ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಪಾತ್ರೆಗೆ ಇರುವ ನಿಯಮ ಬ್ಯಾಗಿಗೂ ಇದೆ ಎಂಬುದು ಕಂಪನಿಯವರಿಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ. ಸೋಲೂರಿನಲ್ಲೇ ಅರ್ಧ ಬಾಲ್ಯ ಕಳೆದ ನಮ್ಮ ಯಜಮಾನರಿಗೂ ಹೊಳೆಯಲಿಲ್ಲ, ಅವರನ್ನು ಕಟ್ಟಿಕೊಂಡ ನನಗೂ ಹೊಳೆಯಲಿಲ್ಲ. ರಾಮನಗರ, ಮಾಗಡಿ ದಾಟಿ ನಾನು ಸೋಲೂರು ಮುಟ್ಟಿದಾಗ ಅವರಕ್ಕ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಬಾಯಿ ಸುತ್ತಿಕೊಂಡು ನೇತಾಡುತ್ತಿದ್ದ ಎರಡು ಖಾಲಿ ಬ್ಯಾಗುಗಳನ್ನು. ತಮ್ಮ ಇಷ್ಟು ದೊಡ್ಡ ಬ್ಯಾಗು ಕಳಿಸಿದ್ದಾನೆ ಅಂದರೆ ಏನೋ ಕೇಳುತ್ತಿದ್ದಾನೆ ಎಂದೇ ಅವರು ತಿಳಿದದ್ದು. ಬೇಡವೆಂದು ನಾನು ಎಷ್ಟು ಹೇಳಿದರೂ ಅದು ಸೊಸೆಯ ಸಂಕೋಚ ಅನ್ನಿಸಿಕೊಂಡಿತು. ಒಂದು ಬ್ಯಾಗಿಗೆ ತೆಂಗಿನಕಾಯಿ ತುಂಬಿದರು. ಇನ್ನೊಂದಕ್ಕೆ ಹುರುಳಿ, ಬೆಲ್ಲ, ಮತ್ತು ಬಾಳೆಎಲೆಯಲ್ಲಿ ಸುತ್ತಿದ ಒಂದು ದೊಡ್ಡ ಉಂಡೆ ಬೆಣ್ಣೆ.

ಚೈತ್ರದ ಬಿಸಿಲು. ಬೆಣ್ಣೆಯ ಬ್ಯಾಗು ಇದ್ದದ್ದು ಸೈಲೆನ್ಸರಿನ ಕಡೆ. ಈ ಬ್ಯಾಗು ಹೊರಗಿನ ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಬರೆದಿತ್ತು, ಒಳಗಿನದನ್ನೂ ಹೊರಗೆ ಬಿಡಲಿಲ್ಲ, ಅದನ್ನು ಒಪ್ಪಬೇಕು. ಮನೆಗೆ ಬಂದು ಬಾಯಿ ಬಿಚ್ಚಿದರೆ ಹುರುಳಿಯೆಲ್ಲ ತುಪ್ಪದ ಒಗ್ಗರಣೆಗೆ ಬಿದ್ದ ಹಾಗೆ ತೇಲುತ್ತಿತ್ತು. ವಾಪಸ್ ತೆಗೆದುಕೊಳ್ಳಲು ಬಂದ ಕೊರಿಯರಿನವನು ಬ್ಯಾಗಿನೊಳಗೆ ಮೂಗು ಇಟ್ಟು, ತೆಗೆದು, ಬ್ಯಾಗು ಅಲ್ಲೇ ಬಿಟ್ಟು ಹೋದ. ಆ ಜೋಡಿಯಲ್ಲಿ ನಮ್ಮತ್ತೆ ಈಗಲೂ ರಾಗಿ ತುಂಬಿಡುತ್ತಾರೆ. ಹುಳ ಬೀಳುವುದಿಲ್ಲ ಎಂದು ಬೀದಿಯವರಿಗೆಲ್ಲ ಶಿಫಾರಸು ಮಾಡಿದ್ದಾರೆ.

ಸೈಲೆನ್ಸರಿನ ಬಿಸಿಗೆ ಪಕ್ಕದ ಬ್ಯಾಗು ಆಗಿಬರುವುದಿಲ್ಲ ಎಂದು ತೀರ್ಮಾನಿಸಿ, ಸ್ಕೂಲು ಶುರುವಾಗುವ ಹೊತ್ತಿಗೆ ಯಜಮಾನರು ಗಟ್ಟಿ ಪೆಟ್ಟಿಗೆ ತರಿಸಿದರು. ಹಿಂದಿನ ಕ್ಯಾರಿಯರ್ ಮೇಲೆ ಕೂರುವ, ಬೀಗ ಹಾಕುವಂಥದ್ದು. ಅದನ್ನು ಕಟ್ಟಿಕೊಂಡು ನಾನು ಕನಕಪುರಕ್ಕೆ ಶಿಕ್ಷಕರ ತರಬೇತಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಒಬ್ಬ ಮನುಷ್ಯ ಕೈ ಅಡ್ಡ ಹಿಡಿದು ನಿಲ್ಲಿಸಿ, ಬಿರಿಯಾನಿ ಹೇಳಿ ಎಷ್ಟೊತ್ತಾಯ್ತು, ಇಷ್ಟು ನಿಧಾನವಾದರೆ ಹೇಗೆ ಎಂದು ದಬಾಯಿಸಿದ. ಹೆಲ್ಮೆಟ್ ತೆಗೆದೆ. ನನ್ನ ನರೆತ ತಲೆ ನೋಡಿ ಅವನಿಗೆ ಸಿಟ್ಟು ಹೋಗಿ ಕರುಣೆ ಬಂತು. ಈ ವಯಸ್ಸಿನಲ್ಲಿ ಇಂಥ ಕೆಲಸ ಮಾಡಬೇಕಾಯಿತಲ್ಲ ತಾಯಿ, ಮಕ್ಕಳು ನೋಡಿಕೊಳ್ಳಲ್ಲವಾ ಅಂದ. ಮನೆಗೆ ಬಂದು ಹೇಳಿದರೆ ಯಜಮಾನರು ನಕ್ಕರು, ಆಮೇಲೆ ಗಂಭೀರವಾಗಿ, ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ, ಘಟ್ಟದಲ್ಲಿ ಅಪಾಯ ಎಂದು ಪೆಟ್ಟಿಗೆಯನ್ನು ಕಳಚಿದರು. ಅದನ್ನೂ ನಮ್ಮತ್ತೆಯೇ ತೆಗೆದುಕೊಂಡರು. ಬೀಗದ ಕೈ ಅವರ ಸೆರಗಿನ ಗಂಟು ಸೇರಿತು, ಒಳಗೆ ಏನಿದೆ ಎಂದು ನಮಗ್ಯಾರಿಗೂ ಗೊತ್ತಿಲ್ಲ.

ಇಷ್ಟು ಹೊತ್ತಿಗೆ ನನಗೆ ಅನುಮಾನ ಬಂದಿತ್ತು. ಕೊಂಡ ಬ್ಯಾಗುಗಳೆಲ್ಲ ನಮ್ಮತ್ತೆಯ ಸಂಸಾರಕ್ಕೆ ಸೇರುತ್ತಿವೆ, ನಾನು ಮಾತ್ರ ಹೊಳೆಯ ಕಡೆ ಹೊರಟಿಲ್ಲ. ಹೋಗಬೇಡ ಎಂದು ನೇರವಾಗಿ ಹೇಳಿದ್ದರೆ ಜಗಳವಾಡುತ್ತಿದ್ದೆ, ಗೆಲ್ಲುತ್ತಿದ್ದೆ ಕೂಡ. ಬ್ಯಾಗಿನ ಜೊತೆ ಜಗಳವಾಡುವುದು ಹೇಗೆ? ಒಂದು ದಿನ ತಡೆಯಲಾರದೆ, ಬಟ್ಟೆಬರೆ ಒಂದು ಮೂಟೆ ಕಟ್ಟಿಕೊಂಡು ಹೋದರೆ ಹೊಳೆಯೇನು ಬೇಡ ಅನ್ನುತ್ತದೆಯೇ ಅಂದೆ. ಯಜಮಾನರು ನೊಂದುಕೊಂಡರು. ನಿನ್ನ ಒಳ್ಳೆಯದಕ್ಕೇ ನೋಡುತ್ತಿರುವುದು ಅಂದರು. ಅದು ನಿಜದ ನೋವೇ, ಆದರೆ ಏತರದ್ದು ಎಂದು ಆಗ ನನಗೆ ತಿಳಿಯಲಿಲ್ಲ.

ಆಷಾಢದ ಮಳೆ ಹಿಡಿದ ಮೇಲೆ ಅವರು ಹೊಸ ದಾರಿ ಹುಡುಕಿದರು. ಕೊಂಡದ್ದೇ ತಪ್ಪು, ನಮ್ಮ ಅಳತೆಗೆ ಹೊಲಿಸಬೇಕು. ರಾಮನಗರದ ಗೂಡಿನ ಮಾರ್ಕೆಟ್ಟಿನ ಹತ್ತಿರ ಸೀಟು, ಟಾರ್ಪಾಲು ಹೊಲಿಯುವ ಸಾಹೇಬರೊಬ್ಬರಿದ್ದರು. ಗಾಡಿಯನ್ನೇ ಅವರ ಮುಂದೆ ನಿಲ್ಲಿಸಿ ಅಳತೆ ಕೊಟ್ಟೆವು. ಕೆಲಸ ಅಚ್ಚುಕಟ್ಟು, ಹೊಲಿಗೆ ಜೋಡಿ ದಾರದ್ದು, ನಂಬಿಕೆ ಬರುವ ಹಾಗಿತ್ತು. ಬ್ಯಾಗು ಕಟ್ಟಿಕೊಂಡು ಮನೆಗೆ ವಾಪಸಾಗುವಾಗ ಮಳೆ ಸಿಕ್ಕಿತು. ಒಳಗಿಟ್ಟಿದ್ದ ನನ್ನ ಸೀರೆ, ಟವೆಲು ಹಿಂಡುವ ಹಾಗಾಗಿತ್ತು. ತಿರುಗಿಸಿ ನೋಡಿದರೆ ಎರಡೂ ಪಕ್ಕಕ್ಕೆ ಅಂಗೈ ಅಗಲದ ಬಲೆಯ ಕಿಟಕಿ. ಮಾರನೇ ದಿನ ಕೇಳಿದ್ದಕ್ಕೆ ಸಾಹೇಬರಿಗೇ ಆಶ್ಚರ್ಯ. ಗಾಡಿಗೆ ಕಟ್ಟೋ ಬ್ಯಾಗು ಅಂದ್ರಿ, ಗಾಳಿ ಆಡದಿದ್ರೆ ಒಳಗಿರೋ ಗೂಡು ಬೆಂದು ಹೋಗಲ್ವಾ ಅಂದರು. ಅವರ ಲೆಕ್ಕದಲ್ಲಿ ಈ ಸೀಮೆಯಲ್ಲಿ ಗಾಡಿಯ ಹಿಂದೆ ಚೀಲ ಕಟ್ಟಿದವನು ರೇಷ್ಮೆಗೂಡು ತರುವವನೇ. ಹೊಳೆ ನೋಡಲು ಹೋಗುವ ಟೀಚರಮ್ಮನ ಕಲ್ಪನೆ ಅವರಿಗೆ ಬಂದಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ಬ್ಯಾಗು ಈಗ ಅಡುಗೆಮನೆಯ ಗೂಟದಲ್ಲಿ ಈರುಳ್ಳಿ ಹೊತ್ತು ನೇತಾಡುತ್ತಿದೆ.

ಗೌರಿ ಹಬ್ಬ ಕಳೆದ ಮೇಲೆ ನಾಲ್ಕನೆಯದು ಬಂತು. ಹಿಂದಿನ ಸೀಟಿನ ಮೇಲೆ ಅಡ್ಡ ಮಲಗುವ ಕಪ್ಪು ಬ್ಯಾಗು. ನೋಡಿದ ಕೂಡಲೇ ಇದೇ ಸಾಕು ಅನ್ನಿಸಿತು. ಯಜಮಾನರು ತಲೆಯನ್ನು ಅಡ್ಡಡ್ಡ ಆಡಿಸಿದರು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಇವತ್ತು ಹಗ್ಗ ಸರಿಯಿಲ್ಲ, ನಾಳೆ ಕೊಂಡಿ ಸರಿಯಿಲ್ಲ. ದಸರಾ ಎದುರಿಗೆ ಬಂದು ನಿಂತಿತ್ತು. ಈ ವರ್ಷ ಹೋದಂತೆಯೇ ಎಂದು ಮನಸ್ಸಿನಲ್ಲೇ ಕುದಿಯುತ್ತಿದ್ದೆ.

ಒಂದು ದಿನ ಮಳೆಯ ದೆಸೆಯಿಂದ ಸ್ಕೂಲು ಬೇಗ ಬಿಟ್ಟರು. ನಾನು ಮನೆಗೆ ಬಂದು ಗೇಟು ತೆಗೆದೆ. ಪೋರ್ಟಿಕೋದಲ್ಲಿ ಗಾಡಿ ನಡುವಿನ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದರ ಮೇಲೆ ಯಜಮಾನರು ಕೂತಿದ್ದರು. ತಲೆಗೆ ಹೆಲ್ಮೆಟ್, ಅಂಗಿಯ ಮೇಲೆ ಸೊಂಟದ ಬೆಲ್ಟು, ಬೆನ್ನ ಹಿಂದೆ ಕಪ್ಪು ಬ್ಯಾಗು ಬಿಗಿಯಾಗಿ ಕಟ್ಟಿತ್ತು. ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಎದುರು ಮನೆಯವರು ಸೂರಿನಡಿ ಒಣಹಾಕಿದ್ದ ಲುಂಗಿಯನ್ನು ದಾಟಿ ಎಲ್ಲೋ ನೋಡುತ್ತಿದ್ದರು. ಬಲಗೈ ನಿಧಾನವಾಗಿ ತಿರುಗುತ್ತಿತ್ತು.

ನಮ್ಮತ್ತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, ದನಿಯನ್ನೂ ತಗ್ಗಿಸದೆ ಹೇಳಿದರು.

“ದಿನಾಲೂ ಇದೇಯ ಕಣಮ್ಮಿ. ನೀ ಸ್ಕೂಲ್ಗೋದ್ಮೇಲೆ ಅಂಗ್ಡಿ ಬಾಗ್ಲು ಎಳ್ಕಂಡ್ ಬಂದು ಒಸಿ ಹೊತ್ತು ಹಂಗ್ ಕೂತ್ಕತಾನೆ. ಎಲ್ಗ್ ಬಂದ್ಯಪ್ಪ ಅಂದ್ರೆ ಹೇಳ್ತಾನೆ. ಇವತ್ತು ಶ್ರೀರಂಗಪಟ್ಣ ದಾಟವ್ನೆ.”

ಯಜಮಾನರು ಬೆಚ್ಚಿ ತಿರುಗಿದರು. ಹೆಲ್ಮೆಟ್ ತೆಗೆಯುವಾಗ ಕಿವಿ ಸಿಕ್ಕಿಕೊಂಡು ಒದ್ದಾಡಿದರು. ಬ್ಯಾಗು ಬೆನ್ನಿಗೆ ತಾಗುತ್ತದೇನೋ ಎಂದು ನೋಡುತ್ತಿದ್ದೆ ಅಂದರು. ತಾಗುತ್ತದಾ ಎಂದು ಕೇಳಿದೆ. ಒಸಿ ತಾಗ್ತದೆ ಅಂದರು. ನಾನು ಸರಿ ಎಂದು ಒಳಗೆ ಹೋಗಿ ಒಲೆಯ ಮೇಲೆ ಹಾಲಿಟ್ಟೆ.

ಹಾಲು ಕಾಯುವಷ್ಟು ಹೊತ್ತು ಅಲ್ಲೇ ನಿಂತಿದ್ದೆ. ಅಳು ಬಂತು. ನಾನು ಇಷ್ಟು ದಿನ ಇವರ ಮೇಲೆ ಸಿಟ್ಟುಮಾಡಿಕೊಂಡು ಓಡಾಡಿದ್ದು ಸುಳ್ಳು ಕಾರಣಕ್ಕೆ. ಇವರು ನನ್ನನ್ನು ತಡೆಯುತ್ತಿರಲಿಲ್ಲ. ಬ್ಯಾಗು ಬಂದಾಗಲೆಲ್ಲ ಕಟ್ಟಿಕೊಂಡು ಇವರೇ ಹೊರಡುತ್ತಿದ್ದರು. ಬ್ಯಾಗು ಆಯ್ಕೆಯಾಗಿಬಿಟ್ಟರೆ ಆವತ್ತಿಗೆ ನಾನು ನಿಜವಾಗಿ ಹೋಗುತ್ತೇನೆ, ಇವರು ಪೋರ್ಟಿಕೋದಲ್ಲಿ ಉಳಿಯುತ್ತಾರೆ. ಆ ದಿನವನ್ನು ಬ್ಯಾಗಿನ ಮೇಲೆ ಬ್ಯಾಗು ಹಾಕಿ ಮುಂದೂಡುತ್ತಿದ್ದರು.

ಬಿಟ್ಟುಬಿಡೋಣ ಅನ್ನಿಸಿತು. ತ್ಯಾಗ ಮಾಡುವುದು ನಮ್ಮ ಹೆಂಗಸರಿಗೆ ಕೈಗೆ ಹತ್ತಿದ ಕೆಲಸ, ಯೋಚನೆ ಮಾಡಬೇಕಾಗಿಯೂ ಇಲ್ಲ. ಆದರೆ ನಾನು ಹೋಗುವುದಿಲ್ಲ ಅಂದರೆ ಬ್ಯಾಗಿನ ಅಗತ್ಯವೇ ಇಲ್ಲ. ಬ್ಯಾಗಿನ ಅಗತ್ಯವಿಲ್ಲದಿದ್ದರೆ ಗಾಡಿಗೆ ಮತ್ತೆ ಬೆಡ್‌ಶೀಟು. ನನ್ನ ತ್ಯಾಗದಿಂದ ಇವರ ಶ್ರೀರಂಗಪಟ್ಟಣವೂ ಹೋಗುತ್ತದೆ. ಮತ್ತೆ ಸುಳ್ಳೇಕೆ ಹೇಳಲಿ, ನನಗೆ ಹೋಗಲೇಬೇಕಿತ್ತು.

ಸಂಜೆ ಕಾಫಿ ಕೊಡುತ್ತ ಹೇಳಿದೆ. ವಿಜಯದಶಮಿಯ ಬೆಳಿಗ್ಗೆ ಹೊರಡುತ್ತೇನೆ, ಅಷ್ಟು ಹೊತ್ತಿಗೆ ಗಾಡಿಯ ಮೇಲೆ ಯಾವ ಬ್ಯಾಗಿದ್ದರೆ ಅದು, ಕಟ್ಟುವುದು ಮಾತ್ರ ನೀವೇ, ನನಗೆ ಗಂಟು ಹಾಕಲು ಬರುವುದಿಲ್ಲ. ಕೊನೆಯದು ಸುಳ್ಳು. ಸ್ಕೂಲಿನಲ್ಲಿ ಧ್ವಜದ ಗಂಟು ಹಾಕುವವಳೇ ನಾನು. ಯಜಮಾನರು ನೋಡೋಣ ಅನ್ನಲಿಲ್ಲ. ಲೋಟ ಕೆಳಗಿಟ್ಟು, ಇರೋ ಹಗ್ಗ ಸಾಲಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದರು.

ಆಯುಧಪೂಜೆಯ ಮಧ್ಯಾಹ್ನವೆಲ್ಲ ಕಟ್ಟಿದರು. ಕಂಪನಿ ಕೊಟ್ಟ ಪಟ್ಟಿ, ಅದರ ಮೇಲೆ ನೈಲಾನ್ ಹಗ್ಗ, ಅದರ ಮೇಲೆ ಲಾರಿಯವರು ಹಾಕುವ ಸೈಕಲ್ ಟ್ಯೂಬಿನ ರಬ್ಬರು. ಬೂದುಗುಂಬಳ ಒಡೆದು, ಗಾಡಿಗೆ ಬಾಳೆಕಂದು ಕಟ್ಟಿದಾಗಲೂ ಬ್ಯಾಗು ಅಲುಗದ ಹಾಗೆ ಕಟ್ಟಿದರು. ನಡುವೆ ನಮ್ಮತ್ತೆ ಬಂದು ಬ್ಯಾಗಿನ ಬಾಯಿ ಬಿಚ್ಚಿಸಿದರು. ಹೊಳೆಯಮ್ಮನ ಹತ್ತ ಬರಿಗೈಲಿ ಹೋಗಬಾರದು ಎಂದು ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಕಾಯಿ ಇಟ್ಟರು. ಹೊಳೆಯಮ್ಮನಿಗೆ ಆದಮೇಲೆ ಸೊಸೆಗೆ ರೊಟ್ಟಿ, ಚಟ್ನಿಪುಡಿ, ಚಿತ್ರಾನ್ನದ ಡಬ್ಬಿ. ನನ್ನ ಎರಡು ಜೊತೆ ಬಟ್ಟೆಗೆ ಜಾಗ ಸಾಲದೆ ಒಂದು ಜೊತೆ ಹೊರಗೆ ಬಂತು. ಆರು ತಿಂಗಳು ಅಳೆದ ಬ್ಯಾಗು ಹೀಗೆ ಭರ್ತಿಯಾಯಿತು.

ಬೆಳಗಿನ ಜಾವ ಹೊರಟೆ. ಯಜಮಾನರು ಪ್ರತಿ ಪಟ್ಟಿಯನ್ನೂ ಎಳೆದು ನೋಡಿದರು. ಬೀದಿಯ ತಿರುವಿನಲ್ಲಿ ಕನ್ನಡಿ ನೋಡಿದೆ. ಗೇಟಿನ ಹತ್ತಿರ ನಿಂತು ಬ್ಯಾಗನ್ನೇ ನೋಡುತ್ತಿದ್ದರು.

ಸಾತನೂರಿನ ಮೇಲೆ, ಉಯ್ಯಂಬಳ್ಳಿ ಹೋಬಳಿಯ ಕಡೆಯಿಂದ ಸಂಗಮಕ್ಕೆ ಇಳಿದೆ. ರಸ್ತೆ ಎಷ್ಟು ಕುಲುಕಿದರೂ ಬೆನ್ನ ಹಿಂದೆ ಬ್ಯಾಗು ಕೂದಲೆಳೆಯಷ್ಟೂ ಅಲುಗಲಿಲ್ಲ. ಟೀ ಕುಡಿಯಲು ನಿಲ್ಲಿಸಿದಾಗ ಕೈಯಿಟ್ಟು ತಳ್ಳಿ ನೋಡಿದೆ. ಗಾಡಿ ಅಲುಗಿತು, ಬ್ಯಾಗು ಅಲುಗಲಿಲ್ಲ.

ಸಂಗಮದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಒಂದು ಬಂಡೆಯ ಮೇಲೆ ಕೂತು, ಕಾಲು ನೀರಿಗೆ ಬಿಟ್ಟು, ಚಿತ್ರಾನ್ನದ ಡಬ್ಬಿ ತೆಗೆದೆ. ಯಾರಿಗೂ ಬಡಿಸಬೇಕಾಗಿರಲಿಲ್ಲ. ಆಮೇಲೆ ಯಜಮಾನರಿಗೆ ಫೋನು ಮಾಡಿದೆ. ಮುಟ್ಟಿದೆಯಾ ಅಂದರು. ಮುಟ್ಟಿದೆ ಅಂದೆ. ಹೊಳೆಯಲ್ಲಿ ನೀರಿದೆಯಾ ಅಂದರು. ಇದೆ ಅಂದೆ. ಸರಿ ಹಂಗಾರೆ ಅಂದರು. ದನಿ ಬಾಡಿತ್ತು, ಫೋನು ಇಡುವ ಹಾಗಿತ್ತು. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

“ರೀ, ಬ್ಯಾಗು ಒಸಿ ಎಡಕ್ಕೆ ವಾಲ್ದಂಗೈತೆ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಎಷ್ಟು ವಾಲಿದೆ, ಮೇಲಿನ ಪಟ್ಟಿಯೋ ಕೆಳಗಿನದೋ, ರಬ್ಬರು ಕೊಂಡಿಯಿಂದ ತಪ್ಪಿದೆಯಾ ಎಂದು ಒಂದರ ಮೇಲೊಂದು ಕೇಳಿದರು. ದನಿ ಬೇರೆಯೇ ಆಗಿತ್ತು. ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕು ಅಂದರು. ನೀರಿನಲ್ಲಿ ಕಾಲಾಡಿಸುತ್ತ ಹಾಕಿದೆ ಅಂದೆ. ಮೊದಲು ಬಲಗಡೆ ಸಡಿಲಿಸು, ಆಮೇಲೆ ಎಡಗಡೆ ಎಳಿ ಅಂದರು. ಇನ್ನೊಂದು ತುತ್ತು ನುಂಗಿ, ಎಳೆದೆ ಅಂದೆ. ಹಲಗೂರು ರಸ್ತೆಯಲ್ಲಿ ತಿರುವುಗಳಿವೆ, ನಿಧಾನವಾಗಿ ಹೋಗು, ಮುಂದೆ ನಿಂತಾಗ ಮತ್ತೆ ನೋಡಿ ಹೇಳು ಅಂದರು.

ಹೇಳಿದೆ. ಶಿವನಸಮುದ್ರದಲ್ಲಿ ಬ್ಯಾಗು ಬಲಕ್ಕೆ ವಾಲಿತು. ತಲಕಾಡಿನಲ್ಲಿ ಹಿಂದಕ್ಕೆ ಜಾರಿತು. ಶ್ರೀರಂಗಪಟ್ಟಣದಲ್ಲಿ ರಬ್ಬರು ಸಡಿಲವಾಯಿತು, ಕುಶಾಲನಗರದಲ್ಲಿ ಮತ್ತೆ ಎಡಕ್ಕೆ. ಆ ಬ್ಯಾಗು ವಾಲದ ದಿಕ್ಕಿಲ್ಲ. ಪ್ರತಿ ಸಲವೂ ಯಜಮಾನರು ಫೋನಿನಲ್ಲಿ ಅದನ್ನು ಸರಿಮಾಡಿ, ಮುಂದಿನ ದಾರಿ ಹೇಳಿ, ನನ್ನನ್ನು ಹೊರಡಿಸಿದರು. ಅಂಗಡಿ ಬಾಗಿಲು ತೆಗೆಯುತ್ತಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ.

ತಲಕಾವೇರಿಯಲ್ಲಿ ಮಂಜು ಕವಿದಿತ್ತು. ಹೊಳೆ ಹುಟ್ಟುವ ಕಡೆ ಒಂದು ಪುಟ್ಟ ಕುಂಡ, ನಮ್ಮ ಮನೆಯ ಬಟ್ಟೆ ಒಗೆಯುವ ತೊಟ್ಟಿಯಷ್ಟೂ ಇಲ್ಲ. ನೀರು ಎಲ್ಲಿಗೂ ಹೊರಟ ಹಾಗೆ ಕಾಣಲಿಲ್ಲ, ಸುಮ್ಮನೆ ಇತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಇಟ್ಟ ಚುಕ್ಕೆ ಸರಿಯಾಗಿಯೇ ಇತ್ತಲ್ಲ ಎಂದು ನಗು ಬಂತು. ನಮ್ಮತ್ತೆ ಕೊಟ್ಟದ್ದನ್ನೆಲ್ಲ ಒಪ್ಪಿಸಿ, ಬಹಳ ಹೊತ್ತು ನಿಂತಿದ್ದು, ಮೆಟ್ಟಿಲು ಇಳಿದು ಗಾಡಿಯ ಹತ್ತಿರ ಬಂದು ಫೋನು ಮಾಡಿದೆ. ಮಂಜಿನ ವಿಷಯ, ಕುಂಡದ ವಿಷಯ ಹೇಳಿದೆ. ಹೂಂ ಹೂಂ ಅಂದು ಕೇಳಿದರು. ನಾನು ಬ್ಯಾಗಿನ ಸುಳ್ಳಿಗೆ ಬಾಯಿ ತೆಗೆಯುವ ಮುಂಚೆ ಅವರೇ ಕೇಳಿದರು.

“ಇವತ್ತು ಯಾವ ಕಡೀಕೆ?”

ಎಡಕ್ಕೆ ಅಂದೆ.

“ನಾ ಕಟ್ಟಿದ್ ಗಂಟು ಸಡ್ಲಾಗಲ್ಲ ಕಣೆ” ಅಂದರು. “ಸಂಗಮದಲ್ಲೇ ನಂಗೊತ್ತಾಯ್ತು.”

ಮಂಜಿನಲ್ಲಿ ಗಾಡಿಯ ಪಕ್ಕ ನಿಂತೇ ಇದ್ದೆ. ಅವರೇ ಮುಂದುವರಿಸಿದರು.

“ಇರ್ಲಿ. ಯಾವ ಪಟ್ಟಿ ಹೇಳು.”

ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಇಟ್ಟುಕೊಂಡು, ಈ ಸಲ ನಿಜವಾಗಿ ಬ್ಯಾಗಿನ ಮೇಲೆ ಕೈಯಿಟ್ಟೆ. ಎಡಗಡೆ ಮೇಲಿನದು ರೀ, ಅಂದೆ. ಹಿಡಿದಿದ್ದೀಯಾ ಅಂದರು. ಹಿಡಿದಿದ್ದೀನಿ ಅಂದೆ.

“ಎಳಿ” ಅಂದರು. ಎಳೆದೆ.